ಮಾಟುಂಗಾದ ಪಗಾರ-ಪಿಎಫ್ ಸೇವೆ: ನಮ್ಮ ಹೋಟೆಲಿನವರಿಗೆ ಹೇಗಿದೆ?

ಮುಂಬಯಿಯ ಉಡುಪಿ ಹೋಟೆಲುಗಳ ಪಗಾರ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಲೆಕ್ಕ ನೋಡಿಕೊಳ್ಳುವ ಈ ಸಣ್ಣ ಕಚೇರಿಯ ದೊಡ್ಡ ಗುಣವೆಂದರೆ, ಹೊಸ ಕೆಲಸಗಾರನ ಕಾಗದಪತ್ರವನ್ನು ಸೇರಿದ ದಿನವೇ ನೋಡುವುದು. ಊರಿನಿಂದ ಬಂದ ಎಷ್ಟೋ ಹುಡುಗರ ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಪಾನ್‌ನಲ್ಲಿ ತಂದೆಯ ಹೆಸರು ಪೂರ್ತಿ. ಹೆಸರು ತಾಳೆಯಾಗದಿದ್ದರೆ ಕೆವೈಸಿ (ಗುರುತಿನ ಪರಿಶೀಲನೆ) ನಿಲ್ಲುತ್ತದೆ, ಮುಂದೆ ಪಿಎಫ್ ದುಡ್ಡು ತೆಗೆಯಲು ಹೋದಾಗ ಕ್ಲೇಮ್ ವಾಪಸ್ ಬರುತ್ತದೆ. ಇವರು ಮೊದಲು ಹೆಸರು ಸರಿಪಡಿಸಿ, ಆಮೇಲೆ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಜೋಡಿಸುತ್ತಾರೆ. ಇದೇ ಸರಿಯಾದ ಕ್ರಮ. ಹಳೆಯ ಯುಎಎನ್ ಇದೆಯೇ ಎಂದೂ ವಿಚಾರಿಸುತ್ತಾರೆ.

ಲೆಕ್ಕ ಪಕ್ಕಾ. ₹15,000 ಮೂಲವೇತನಕ್ಕೆ ₹1,800 ಪಿಎಫ್. ಪಗಾರ ₹21,000 ಮೀರದವರಿಗೆ ಇಎಸ್‌ಐ ಶೇ. 0.75, ಮಾಲಕರ ಪಾಲು ಶೇ. 3.25. ತಿಂಗಳಿಗೆ ₹200 ವೃತ್ತಿ ತೆರಿಗೆ ಕಟ್ಟುವವರಿಗೆ ಫೆಬ್ರವರಿಯಲ್ಲಿ ₹300 ಎಂಬುದನ್ನೂ ಮರೆಯುವುದಿಲ್ಲ. ಪಿಎಫ್, ಇಎಸ್‌ಐ ಚಲನ್ ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟುತ್ತಾರೆ.

ಕೊರತೆ ಒಂದಿದೆ, ಸಣ್ಣದಲ್ಲ: ಕೆಲಸ ಬಿಟ್ಟವರ ಎಕ್ಸಿಟ್ ದಿನಾಂಕ (ಬಿಟ್ಟ ತಾರೀಕು) ಪಿಎಫ್ ಪೋರ್ಟಲಿನಲ್ಲಿ ಹಾಕಲು ತಡ ಮಾಡುತ್ತಾರೆ. ಅದಿಲ್ಲದೆ ಹುಡುಗನ ಪಿಎಫ್ ಹಣ ಸಿಕ್ಕಿಬೀಳುತ್ತದೆ. ಬಿಟ್ಟವರ ಪಟ್ಟಿಯನ್ನು ತಿಂಗಳ ಕೊನೆಗೆ ಬರೆದೇ ಕೊಡಿ, ಪೋರ್ಟಲಿನಲ್ಲಿ ತಾರೀಕು ಬಿದ್ದದ್ದು ನೋಡಿ ಫೀಸು ಕೊಡಿ.