ಬಣ್ಣದ ಕೆಲಸ ಮಾಡುವವರಿಗೆ ಈ ವಿಟಮಿನ್ ಡಬ್ಬಿ ಬೇಕಾ? ಮೂರು ತಿಂಗಳು ನುಂಗಿ ನೋಡಿದ್ದೇನೆ

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ಮದುವೆಯಾಗಿ ನಾಲ್ಕು ವರ್ಷ ಆಯ್ತು, ಮಕ್ಕಳಾಗಿಲ್ಲ. ಪರೀಕ್ಷೆ ಮಾಡಿಸಿದರೆ ವೀರ್ಯಾಣುಗಳು ಕಡಿಮೆ, ಅವುಗಳ ಚಲನೆಯೂ ಕಡಿಮೆ ಅಂತ ಬಂತು. ಅದೇ ವಾರ ಮೊಬೈಲ್‌ನಲ್ಲಿ ಈ ಡಬ್ಬಿ ಕಣ್ಣಿಗೆ ಬಿತ್ತು. ಕೆಮಿಕಲ್, ಬಣ್ಣದ ವಿಷದಿಂದ ಗಂಡಸರಿಗೆ ರಕ್ಷಣೆ ಅಂತ ಬರೆದಿದ್ದರು. 60 ಮಾತ್ರೆಗೆ 899 ರೂಪಾಯಿ, ದಿನಕ್ಕೆ ಎರಡು. ಹೆಸರು ಹಾಕುವುದಿಲ್ಲ, ಇಂಥವು ಹತ್ತಾರು ಇವೆ.

ಮಾತ್ರೆ ದೊಡ್ಡದು, ನುಂಗುವುದು ಕಷ್ಟ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಎದೆ ಉರಿ ಬರುತ್ತದೆ, ಊಟದ ಮೇಲೆ ತಗೊಂಡರೆ ಪರವಾಗಿಲ್ಲ. ದಿನದ ಲೆಕ್ಕಕ್ಕೆ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಜೊತೆಗೆ ಜಿಂಕ್, ಸೆಲೆನಿಯಂ.

ಮೂರನೇ ಡಬ್ಬಿ ಮುಗಿಯುವಾಗ ಡಾಕ್ಟರಿಗೆ ತೋರಿಸಿದೆ. ಅವರು ಡಬ್ಬಿ ನೋಡುವ ಮೊದಲು "ಕೈ ತೋರಿಸಪ್ಪಾ" ಅಂದರು. ಮೊಣಕೈವರೆಗೆ ಕೆಂಪು, ಉಗುರಿನ ಸಂದಿಯಲ್ಲಿ ಕಪ್ಪುಗಟ್ಟಿದ ಬಣ್ಣ. ಪುಡಿಯ ಪೊಟ್ಟಣ ಒಡೆಯುವಾಗ ಮೂಗಿಗೆ ಏನು ಕಟ್ಟಿಕೊಳ್ಳುತ್ತೀಯಾ ಅಂತ ಕೇಳಿದರು. ಏನೂ ಇಲ್ಲ ಅಂದೆ.

ಆಮೇಲೆ ಅವರು ಬಿಡಿಸಿ ಹೇಳಿದ್ದು ನನಗೆ ತುಂಬಾ ಉಪಯೋಗವಾಯ್ತು. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಜಾಸ್ತಿ. ಶೇಂಗಾ ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತದಲ್ವಾ, ಹೆಚ್ಚುಕಡಿಮೆ ಹಾಗೇ ಕೆಲವು ಬಣ್ಣಗಳು ಮೈಯೊಳಗೆ ಹೋದಾಗ ಹುಟ್ಟುವ ಫ್ರೀ ರಾಡಿಕಲ್ ಅನ್ನೋ ಚುರುಕು ಕಣಗಳು ಆ ಕೊಬ್ಬನ್ನು ಕೆಡಿಸುತ್ತವೆ. ವಿಟಮಿನ್ ಇ ಪೊರೆಯಲ್ಲೇ ಇದ್ದು ಅದನ್ನು ತಡೆಯುತ್ತದೆ, ಸವೆದ ವಿಟಮಿನ್ ಇಗೆ ವಿಟಮಿನ್ ಸಿ ಮತ್ತೆ ಬಲ ಕೊಡುತ್ತದೆ. ಇಲಿಗಳಿಗೆ ಬಣ್ಣದ ಜೊತೆ ಈ ವಿಟಮಿನ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹಾನಿ ಕಡಿಮೆಯಾಗಿದ್ದೂ ನಿಜ. ಆದರೆ ಮನುಷ್ಯರ ವಿಷಯ ಬೇರೆ. ಅಮೆರಿಕದಲ್ಲಿ ಮಕ್ಕಳಾಗದ 170ಕ್ಕೂ ಹೆಚ್ಚು ಜೋಡಿಗಳಲ್ಲಿ ಗಂಡಸರಿಗೆ ಹೆಚ್ಚುಕಡಿಮೆ ಇದೇ ಮಿಶ್ರಣ ಕೊಟ್ಟು ನೋಡಿದರು. 2020ರಲ್ಲಿ ಬಂದ ಆ ಫಲಿತಾಂಶದಲ್ಲಿ ಔಷಧಿ ಇಲ್ಲದ ಸಪ್ಪೆ ಮಾತ್ರೆ ತಗೊಂಡವರಿಗಿಂತ ಇವರಿಗೆ ಏನೂ ಜಾಸ್ತಿ ಲಾಭ ಕಾಣಲಿಲ್ಲ. ಇನ್ನೊಂದು ದೊಡ್ಡ ಅಧ್ಯಯನದಲ್ಲಿ ದಿನಾ 400 ಯೂನಿಟ್ ವಿಟಮಿನ್ ಇ ವರ್ಷಗಟ್ಟಲೆ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ 17% ಹೆಚ್ಚು ಕಂಡಿತ್ತು. ಡಬ್ಬಿಯ ಮೇಲೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

ವಿಟಮಿನ್ ಬೇಡ ಅಂತಲ್ಲ. ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ವಿಟಮಿನ್ ಸಿ ಸಾಕು, ಒಂದು ಪೇರಲ ಹಣ್ಣಿನಲ್ಲೇ ಅದಕ್ಕಿಂತ ಜಾಸ್ತಿ ಸಿಗುತ್ತದೆ. ನಮ್ಮ ರೊಟ್ಟಿ ಜೊತೆಗಿನ ಶೇಂಗಾ ಚಟ್ನಿಯಲ್ಲಿ ವಿಟಮಿನ್ ಇ ಇದೆ.

ಡಬ್ಬಿಗೆ ಐದಕ್ಕೆ ಒಂದೂವರೆ ಕೊಡುತ್ತೇನೆ. ನಾಲ್ಕನೆಯದು ತರಿಸಲಿಲ್ಲ. ಆ ದುಡ್ಡಲ್ಲಿ ಮೊಣಕೈವರೆಗಿನ ಎರಡು ಜೊತೆ ರಬ್ಬರ್ ಗ್ಲೌಸ್, ಪುಡಿ ತಡೆಯುವ ಮಾಸ್ಕ್ ತಂದೆ. ಕೆಲಸದ ಬಟ್ಟೆ ಈಗ ಅಲ್ಲೇ ಬಿಚ್ಚಿಟ್ಟು ಬರುತ್ತೇನೆ. ವೀರ್ಯಾಣು ಹೊಸದಾಗಿ ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಂತೆ, ಅದಕ್ಕೇ ಮುಂದಿನ ಪರೀಕ್ಷೆ ದೀಪಾವಳಿ ಆದಮೇಲೆ.

ಪಕ್ಕದ ಹಂಡೆಯಲ್ಲಿ ನೂಲಿನ ಲಡಿ ಅದ್ದುವ ಹುಡುಗನಿಗಿನ್ನೂ 22. ಮೊನ್ನೆ "ಅಣ್ಣಾ, ನನಗೂ ಆ ಡಬ್ಬಿ ತರಿಸಿಕೊಡಿ" ಅಂದ. ಎರಡನೇ ಜೊತೆ ಗ್ಲೌಸ್ ಅವನಿಗೆ ಕೊಟ್ಟೆ.