ಗೃಹಜ್ಯೋತಿ: ಸೊನ್ನೆ ಬಿಲ್ಲಿನ ಒಳಲೆಕ್ಕ

2023ರ ಆಗಸ್ಟ್‌ನಲ್ಲಿ ಮೀಟರ್ ರೀಡರ್ ಹರಿದುಕೊಟ್ಟ ಚೀಟಿಯಲ್ಲಿ ಪಾವತಿಸಬೇಕಾದ ಮೊತ್ತ ಸೊನ್ನೆ ಎಂದಿದ್ದುದನ್ನು ನಮ್ಮ ಮನೆಯವರು ಎರಡೆರಡು ಸಲ ಓದಿದ್ದರು. ಆದರೆ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಕರ್ನಾಟಕ ಸರ್ಕಾರದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂಬುದು ತಪ್ಪು ತಿಳಿವಳಿಕೆ. ಆರಂಭದಲ್ಲಿ ಪ್ರತಿ ಮನೆಯ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಅರ್ಹತೆ, ಅಂದರೆ ಉಚಿತ ಯೂನಿಟ್‌ಗಳ ಮಿತಿ, ನಿಗದಿಪಡಿಸಿದ್ದರಿಂದ, ಅಂದು ಮಿತವಾಗಿ ಬಳಸಿದವರಿಗೇ ಕಡಿಮೆ ಪಾಲು ಸಿಕ್ಕಿತು. ಇದು ನನಗೆ ನ್ಯಾಯವೆನಿಸುವುದಿಲ್ಲ. ಅರ್ಹತೆ ಮೀರಿದ ಯೂನಿಟ್‌ಗಳಿಗಷ್ಟೇ ಹಣ ಕಟ್ಟಿದರೆ ಸಾಕಾದರೂ, ತಿಂಗಳ ಬಳಕೆ 200 ದಾಟಿತೆಂದರೆ ಪೂರ್ಣ ಬಿಲ್ಲೇ ತಲೆಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕುವಾಗಲೂ ಮೀಟರಿನತ್ತ ಕಣ್ಣು ಹೋಗುವುದು ಇದಕ್ಕೇ. ಬಾಡಿಗೆದಾರರನ್ನೂ ಒಳಗೊಂಡಿರುವುದು ಮೆಚ್ಚತಕ್ಕದ್ದು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಆಧಾರ್ ಮತ್ತು ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಲು ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.