ಗೂಗಲ್ ಫ್ಲೈಟ್ಸ್: 2018ರಿಂದ ಬಳಸುತ್ತಿರುವ ಕಲಬುರಗಿಯವನ ಅನುಭವ

ಅಕ್ಕ ಲಗ್ನವಾಗಿ ಶಿಕಾಗೊಗೆ ಹೋದ ಮೇಲೆ ವಿಮಾನದ ಟಿಕೆಟ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ-ಅಪ್ಪನನ್ನು ಮೊದಲ ಸಲ ಕಳಿಸಿದ್ದು 2018ರಲ್ಲಿ, ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಒಬ್ಬ ಏಜೆಂಟರ ಮೂಲಕ. ಒಳ್ಳೆಯ ಮನುಷ್ಯ, ಆದರೆ ಎರಡು ದಿನ ಬಿಟ್ಟು ಹೊರಟರೆ ಎಷ್ಟಾಗುತ್ತದೆ, ಮುಂಬೈಯಿಂದ ಹತ್ತಿದರೆ ಎಷ್ಟು ಅಂತ ನಾಲ್ಕನೇ ಸಲ ಕೇಳುವ ಹೊತ್ತಿಗೆ ನನಗೇ ಸಂಕೋಚವಾಗಿತ್ತು. ಅಂಗಡಿಯಲ್ಲಿ ನನ್ನ ಹಿಂದೆ ಇನ್ನೂ ಮೂರು ಜನ ನಿಂತಿದ್ದರು. ಆ ವರ್ಷವೇ ಗೂಗಲ್ ಫ್ಲೈಟ್ಸ್ ಬಳಸಲು ಶುರುಮಾಡಿದೆ. ಅಂದಿನಿಂದ ಅವ್ವನ ಪ್ರಯಾಣಗಳು, ಓಣಿಯವರ ಉಮ್ರಾ (ಮೆಕ್ಕಾ ಯಾತ್ರೆ), ಗೆಳೆಯನ ಮಗನ ಓದು, ಎಲ್ಲಕ್ಕೂ ಮೊದಲು ತೆರೆಯುವುದು ಅದನ್ನೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಡಿಮೆಯಾಯಿತು ಅನ್ನುವುದು ನಮ್ಮ ಊರು ಎಲ್ಲಿದೆ ಅನ್ನುವುದಕ್ಕೆ ಸಂಬಂಧಪಟ್ಟಿದ್ದು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ: ಇದು ಟಿಕೆಟ್ ಮಾರುವ ಅಂಗಡಿಯಲ್ಲ. ಯಾವ ದಿನ, ಯಾವ ವಿಮಾನ, ಎಷ್ಟು ದರ ಅಂತ ತೋರಿಸಿ, ಕೊಳ್ಳಲು ವಿಮಾನ ಕಂಪನಿಯ ತಾಣಕ್ಕೋ ಬೇರೆ ಬುಕಿಂಗ್ ತಾಣಕ್ಕೋ ಕಳಿಸುತ್ತದೆ. ವಿಮಾನ ದರ ಲೆಕ್ಕಹಾಕುವುದರಲ್ಲಿ ಮೊದಲೇ ಹೆಸರು ಮಾಡಿದ್ದ ಐಟಿಎ ಸಾಫ್ಟ್‌ವೇರ್ ಕಂಪನಿಯನ್ನು ಗೂಗಲ್ 2011ರಲ್ಲಿ ಕೊಂಡು, ಅದೇ ವರ್ಷ ಈ ಸೇವೆ ಶುರುಮಾಡಿತು. ತಾರೀಖು ಬದಲಿಸಿದ ಕೂಡಲೇ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಸ ದರ ಬರುವುದು ಅದರಿಂದಲೇ.

ನಾನು ಅತಿ ಹೆಚ್ಚು ಬಳಸುವುದು ತಾರೀಖಿನ ಚೌಕಟ್ಟು. ಹೋಗುವ ದಿನ ಮೇಲೆ, ಬರುವ ದಿನ ಪಕ್ಕದಲ್ಲಿ, ನಡುವಿನ ಒಂದೊಂದು ಮನೆಯಲ್ಲಿ ಒಂದೊಂದು ದರ. ಅಗ್ಗದ ದರಗಳು ಹಸಿರು ಬಣ್ಣದಲ್ಲಿರುತ್ತವೆ. 2023ರಲ್ಲಿ ಅವ್ವ ಒಂದೇ ಹಟ ಹಿಡಿದಿದ್ದಳು: "ಶರಣಬಸಪ್ಪನ ತೇರು ಆಗೋ ತನಕ ನಾ ಎಲ್ಲೂ ಹೋಗಂಗಿಲ್ಲ ನೋಡು." ಹೋಳಿ ಮುಗಿದು ಐದನೇ ದಿನಕ್ಕೆ ತೇರು. ತೇರಿನ ಮರುದಿನ ಹೊರಟರೆ ಹೋಗಿಬರುವ ಟಿಕೆಟ್ 1,21,000 ರೂಪಾಯಿ ಇತ್ತು. ಚೌಕಟ್ಟು ತೆರೆದು ನೋಡಿದರೆ ಮುಂದಿನ ಮಂಗಳವಾರ ಹೊರಟು, ಬರುವುದನ್ನು ಮೂರು ದಿನ ಮುಂದೂಡಿದರೆ 1,03,000. ತೇರೂ ಆಯಿತು, 18,000 ರೂಪಾಯಿಯೂ ಉಳಿಯಿತು. ಏಜೆಂಟರ ಮುಂದೆ ಕೂತು ಹೀಗೆ ನಲವತ್ತೊಂಬತ್ತು ಜೋಡಿ ತಾರೀಖು ಕೇಳುವುದು ಯಾರಿಂದಲೂ ಆಗದ ಮಾತು.

ಎರಡನೆಯದು ದರದ ಮೇಲೆ ನಿಗಾ ಇಡುವ ಗುಂಡಿ. ಒಮ್ಮೆ ಒತ್ತಿಬಿಟ್ಟರೆ ದರ ಏರಿದಾಗ, ಇಳಿದಾಗ ಮೇಲ್ ಬರುತ್ತದೆ. ಈಗಿನ ದರ ಮಾಮೂಲಿಗಿಂತ ಕಡಿಮೆಯೋ ಹೆಚ್ಚೋ ಅಂತಲೂ ಎಷ್ಟೋ ದಾರಿಗಳಿಗೆ ತೋರಿಸುತ್ತದೆ. ಇದರ ಬೆಲೆ ನನಗೆ ಗೊತ್ತಾದದ್ದು 2022ರಲ್ಲಿ. ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ನಿಂತ ಮಾಮೂಲಿ ಅಂತಾರಾಷ್ಟ್ರೀಯ ವಿಮಾನಗಳು ಮತ್ತೆ ಹಾರಿದ್ದು 2022ರ ಮಾರ್ಚ್ 27ಕ್ಕೆ. ಅಪ್ಪ ಆ ನಡುವೆ ತೀರಿಕೊಂಡಿದ್ದರು, ಅಕ್ಕನಿಗೆ ಬರಲಾಗಿರಲಿಲ್ಲ. ಅವ್ವನನ್ನು ಅಕ್ಕನ ಹತ್ತಿರ ಕಳಿಸಲೇಬೇಕಿತ್ತು. ಆಗಿನ ದರ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಇದು ಹೆಚ್ಚಿನ ದರ ಅಂತ ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿದ್ದರಿಂದ ಗಾಬರಿಯಲ್ಲಿ ಕೊಳ್ಳದೆ ಆರು ವಾರ ಕಾದೆ. ಸೆಪ್ಟೆಂಬರ್ ಕೊನೆಯ ತಾರೀಖಿಗೆ ದರ ಇಳಿದ ದಿನ ಕೊಂಡೆ. ಅಮೆರಿಕದ ದಾರಿಯಲ್ಲಿ ಮೇ-ಜೂನ್ ಮತ್ತು ಡಿಸೆಂಬರ್ ಯಾವಾಗಲೂ ದುಬಾರಿ. ಉಮ್ರಾಗೆ ಹೋಗುವವರ ಜೆಡ್ಡಾ ದಾರಿಯಲ್ಲಿ ರಂಜಾನ್ ತಿಂಗಳು ದುಬಾರಿ. ಆ ದಿನಗಳಲ್ಲೇ ಹೋಗಬೇಕಾದವರು ಕಾಯುವುದಕ್ಕಿಂತ ಬೇಗ ಕೊಳ್ಳುವುದೇ ಲೇಸು.

ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಒಂದೇ ಟಿಕೆಟ್ ಪದೇ ಪದೇ ಹುಡುಕಿದರೆ ದರ ಏರಿಸುತ್ತಾರೆ, ಬ್ರೌಸರಿನ ಗುಪ್ತ ಕಿಂಡಿಯಲ್ಲಿ (ಇನ್‌ಕಾಗ್ನಿಟೊ) ಹುಡುಕಬೇಕು ಅಂತ. ನಾನು ಎಷ್ಟೋ ಸಲ ಎರಡೂ ಕಡೆ ಪಕ್ಕಪಕ್ಕ ಇಟ್ಟು ನೋಡಿದ್ದೇನೆ, ಒಂದೇ ದರ. ದರ ಏರುವ ಕಾರಣ ಬೇರೆ. ಒಂದೇ ವಿಮಾನದ ಎಕಾನಮಿ ಸೀಟುಗಳನ್ನೇ ಕಂಪನಿಯವರು ಹಲವು ದರ್ಜೆಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಅಕ್ಷರ, ಒಂದು ದರ, ಇಷ್ಟೇ ಸೀಟು ಅಂತ ಇಟ್ಟಿರುತ್ತಾರೆ. ಅಗ್ಗದ ದರ್ಜೆ ಮುಗಿಯಿತೆಂದರೆ ಅದರ ಮೇಲಿನದು ತೆರೆಯುತ್ತದೆ. ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಪಕ್ಕದ ಮನೆಯ ಚಾಚಾ ಕುಟುಂಬದ ನಾಲ್ವರಿಗೆ ಜೆಡ್ಡಾ ಟಿಕೆಟ್ ನೋಡುವಾಗ ತಲೆಗೆ 34,500 ತೋರಿಸಿತು. ಒಬ್ಬರಿಗೆ ಅಂತ ಹುಡುಕಿದೆ, 31,000. ಇಬ್ಬರಿಗೂ ಅಷ್ಟೇ. ಮೂವರು ಅಂದ ಕೂಡಲೇ ಮತ್ತೆ 34,500. ಅಂದರೆ ಅಗ್ಗದ ಸೀಟು ಉಳಿದಿದ್ದು ಎರಡೇ. ನಾಲ್ವರನ್ನೂ ಒಟ್ಟಿಗೆ ಹುಡುಕಿದರೆ ಎಲ್ಲರಿಗೂ ಮೇಲಿನ ದರ್ಜೆಯೇ ಬೀಳುತ್ತದೆ. ಮೊದಲು ಎರಡು, ಆಮೇಲೆ ಎರಡು ಕೊಂಡು 7,000 ರೂಪಾಯಿ ಉಳಿಸಿದೆವು. ನಂತರ ಕಂಪನಿಗೆ ಫೋನ್ ಮಾಡಿ, ಎರಡೂ ಬುಕಿಂಗ್ ಒಂದೇ ಕುಟುಂಬದ್ದು ಅಂತ ಬರೆಸಿದೆ.

ಅದೇ ಚಾಚಾ ಅವರ ಹಿಂದಿನ ಸಲದ ಟಿಕೆಟ್‌ನಲ್ಲಿ ನಾನು ಮಾಡಿದ ತಪ್ಪನ್ನು ಹೇಳದೆ ಇರಲಾರೆ. ಪಟ್ಟಿಯಲ್ಲಿ ವಿಮಾನ ಕಂಪನಿಯ ದರದ ಮೇಲೆ ಒಂದು ಬುಕಿಂಗ್ ತಾಣದ ದರ ಇತ್ತು, ತಲೆಗೆ 1,800 ಕಡಿಮೆ. ಹೆಸರು ಕೇಳಿರಲಿಲ್ಲ, ಆದರೂ ಕೊಂಡೆ. ಹೊರಡಲು ಇಪ್ಪತ್ತು ದಿನ ಇರುವಾಗ ಬರುವ ವಿಮಾನ ಒಂದು ದಿನ ಹಿಂದಕ್ಕೆ ಸರಿಯಿತು. ಮದೀನಾದಲ್ಲಿ ಅವರ ಹೋಟೆಲ್ ಮುಗಿಯುವ ಮೊದಲೇ ವಾಪಸಿನ ವಿಮಾನ! ಕಂಪನಿಗೆ ಫೋನ್ ಮಾಡಿದರೆ, "ಟಿಕೆಟ್ ಕೊಟ್ಟವರೇ ಬದಲಿಸಬೇಕು" ಅಂದರು. ಆ ತಾಣಕ್ಕೆ ಮಾಡಿದರೆ ನಲವತ್ತು ನಿಮಿಷ ಸಂಗೀತ, ಆಮೇಲೆ ಫೋನ್ ಕಟ್. ಮೂರು ದಿನ ಹೀಗೇ. ಚಾಚಾ ನಮ್ಮ ಕಟ್ಟೆಯ ಮೇಲೆ ಪಾಸ್‌ಪೋರ್ಟ್‌ಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. "ಬೇಟಾ, ಆಗ್ತದಲ್ಲ?" ಅಂತ ಒಂದೇ ಮಾತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ಟಿಕೆಟ್ ರದ್ದುಮಾಡಿಸಿ ಹೊಸದಾಗಿ ಕೊಂಡೆವು. ಹಳೆಯ ದುಡ್ಡು ಬರಲು ಮೂರು ತಿಂಗಳು ಹಿಡಿಯಿತು, ಅದರಲ್ಲೂ ಸೇವಾ ಶುಲ್ಕ ಅಂತ ಮುರಿದುಕೊಂಡರು.

ಅಂದಿನಿಂದ ನನ್ನ ಪದ್ಧತಿ ಒಂದೇ. ಹುಡುಕುವುದು ಗೂಗಲ್ ಫ್ಲೈಟ್ಸ್‌ನಲ್ಲಿ, ಇನ್ನೊಮ್ಮೆ ಹೋಲಿಸಲು ಅಂಥದ್ದೇ ಇನ್ನೊಂದು ತಾಣ ಸ್ಕೈಸ್ಕ್ಯಾನರ್‌ನಲ್ಲಿ. ಕೊಳ್ಳುವುದು ವಿಮಾನ ಕಂಪನಿಯ ಸ್ವಂತ ತಾಣದಲ್ಲಿ. ಸಾವಿರ, ಎರಡು ಸಾವಿರ ಹೆಚ್ಚಾದರೂ ಸರಿ. ಅಮೆರಿಕಕ್ಕೆ ಹೋಗುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ: ಹೊರಡಲು ಕನಿಷ್ಠ ಏಳು ದಿನ ಇರುವಾಗ ಕಂಪನಿಯಿಂದಲೇ ನೇರವಾಗಿ ಟಿಕೆಟ್ ಮಾಡಿದರೆ, 24 ಗಂಟೆಯೊಳಗೆ ರದ್ದುಮಾಡಿ ಪೂರ್ತಿ ದುಡ್ಡು ವಾಪಸ್ ಪಡೆಯಬಹುದು, ಇಲ್ಲವೇ ಅದೇ ದರವನ್ನು 24 ಗಂಟೆ ಹಿಡಿದಿಡಲು ಅವರು ಅವಕಾಶ ಕೊಡಬೇಕು. ಇದು ಅಮೆರಿಕ ಸರ್ಕಾರದ ನಿಯಮ. ಹೆಸರಿನ ಅಕ್ಷರ ತಪ್ಪಿದ್ದು ರಾತ್ರಿ ಮಲಗುವಾಗ ನೆನಪಾದರೆ ಈ 24 ಗಂಟೆ ದೇವರು ಕೊಟ್ಟ ವರ. ಹೆಸರು ಅಂದಾಗ ನೆನಪಾಯಿತು, ನಮ್ಮ ಭಾಗದಲ್ಲಿ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವವರು ಬಹಳ. ದುಬೈ ಕಡೆ ಭೇಟಿ ವೀಸಾದ ಮೇಲೆ ಹೋಗುವವರಿಗೆ ಒಂಟಿ ಹೆಸರಿನ ಪಾಸ್‌ಪೋರ್ಟ್ ನಡೆಯುವುದಿಲ್ಲ ಅಂತ 2022ರ ನವೆಂಬರ್‌ನಲ್ಲಿ ನಿಯಮ ಬಂತು. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಒತ್ತುವ ಮೊದಲು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ನೋಡಿಕೊಳ್ಳಿ.

ಈಗ ಆ ಅರ್ಧ ಅಂಕದ ವಿಷಯ. ಅದು ತೋರಿಸುವ ದರ ವಿಮಾನ ನಿಲ್ದಾಣದಿಂದ ಶುರುವಾಗುತ್ತದೆ, ನಮ್ಮ ಖರ್ಚು ಮನೆ ಬಾಗಿಲಿನಿಂದ. 2019ರ ನವೆಂಬರ್ 22ರಂದು ಕಲಬುರಗಿಗೂ ವಿಮಾನ ನಿಲ್ದಾಣ ಬಂತು, ಆ ದಿನ ಊರಿಗೆ ಊರೇ ಸಂಭ್ರಮಪಟ್ಟಿತ್ತು. ಆದರೂ ಹೊರದೇಶಕ್ಕೆ ಹೋಗಲು ನಮಗೆ ಇವತ್ತಿಗೂ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣವೇ ಗತಿ. ಎಲ್ಲಿಂದ ಅನ್ನುವ ಜಾಗದಲ್ಲಿ ಹೈದರಾಬಾದ್, ಮುಂಬೈ, ಬೆಂಗಳೂರು ಮೂರನ್ನೂ ಒಟ್ಟಿಗೆ ಹಾಕಬಹುದು, ಮೂರರ ದರವೂ ಒಂದೇ ಪಟ್ಟಿಯಲ್ಲಿ ಬರುತ್ತದೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಎಷ್ಟೋ ಸಲ ಮುಂಬೈ ಏಳೆಂಟು ಸಾವಿರ ಕಡಿಮೆ ಇರುತ್ತದೆ. ಒಮ್ಮೆ ಆ ಆಸೆಗೆ ಬಿದ್ದೆ. ರಾತ್ರಿ ರೈಲು, 23 ಕೆಜಿಯ ಎರಡು ಬ್ಯಾಗು, ಬೆಳಿಗ್ಗೆ ದಾದರ್‌ನಲ್ಲಿ ಇಳಿದು ಟ್ಯಾಕ್ಸಿ, ವಿಮಾನ ಮಧ್ಯರಾತ್ರಿ ಇದ್ದುದರಿಂದ ಹಗಲಿಗೆ ಲಾಡ್ಜು. ಉಳಿದದ್ದು ಸಾವಿರ ರೂಪಾಯಿ ಇರಬಹುದು. ಅವ್ವನ ಕಾಲು ಬಾತುಕೊಂಡಿತ್ತು.

ಹೈದರಾಬಾದ್ ಆದರೆ ಸುಮಾರು 220 ಕಿಲೋಮೀಟರ್. ಸೇಡಂ, ಕೊಡಂಗಲ್, ಪರಗಿ ದಾಟಿ ಚೇವೆಳ್ಳ ಹತ್ತಿರ ರಸ್ತೆಯ ಎರಡೂ ಬದಿ ಹಳೆಯ ಆಲದ ಮರಗಳು ಸಿಗುತ್ತವೆ. ಅಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚುವುದು ನಮ್ಮ ಮನೆಯ ರೂಢಿ. ಒಬ್ಬರೇ ಹೋಗುವವರು, ಸಾಮಾನು ಕಡಿಮೆ ಇದ್ದವರು ರೈಲಿನಲ್ಲಿ ವಾಡಿ, ತಾಂಡೂರು ಮೇಲೆ ಸಿಕಂದರಾಬಾದ್‌ಗೆ ಹೋಗಿ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಪುಷ್ಪಕ್ ಬಸ್ಸು ಹಿಡಿದರೆ ಬಹಳ ಅಗ್ಗ. ಈಗ ನನ್ನ ಲೆಕ್ಕ ಹೀಗಿದೆ: ಮುಂಬೈ ದರ ಹೈದರಾಬಾದಿಗಿಂತ ಹತ್ತು ಸಾವಿರವಾದರೂ ಕಡಿಮೆ ಇರಬೇಕು, ಹೋಗುವವರು ಗಟ್ಟಿಮುಟ್ಟಾಗಿರಬೇಕು. ಇಲ್ಲದಿದ್ದರೆ ಆ ಸಾಲನ್ನು ನೋಡುವುದೇ ಇಲ್ಲ.

ಪಟ್ಟಿಯಲ್ಲಿ ಕೆಲವು ಟಿಕೆಟ್‌ಗಳ ಮೇಲೆ, ಇವು ಬೇರೆ ಬೇರೆ ಟಿಕೆಟ್, ವಿಮಾನ ನೀವೇ ಬದಲಿಸಿಕೊಳ್ಳಬೇಕು ಅನ್ನುವ ಅರ್ಥದ ಸೂಚನೆ ಇರುತ್ತದೆ. ದರ ಕಣ್ಣು ಕುಕ್ಕುವಷ್ಟು ಕಡಿಮೆ. ಹಿರಿಯರಿಗೆ ಅದು ಬೇಡವೇ ಬೇಡ. ನಡುವಿನ ಊರಿನಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಿಸಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ.

ಅವ್ವ ಒಬ್ಬಳೇ ಹೋಗತೊಡಗಿದ ಮೇಲೆ ನಾನು ದರಕ್ಕಿಂತ ಮೊದಲು ನೋಡುವುದು ನಡುವಿನ ನಿಲುಗಡೆಯನ್ನು. ಒಂದು ಗಂಟೆ ಇಪ್ಪತ್ತು ನಿಮಿಷದ್ದು ಬೇಡ, ಹದಿನಾಲ್ಕು ಗಂಟೆಯದ್ದೂ ಬೇಡ. ಮೂರರಿಂದ ಐದು ಗಂಟೆಯೊಳಗಿನದ್ದು ಬೇಕು. ಈ ಜರಡಿ ಅದರಲ್ಲೇ ಇದೆ. ಶಿಕಾಗೊಗೆ ದೋಹಾ, ದುಬೈ, ಅಬುಧಾಬಿ ಮೂರೂ ದಾರಿ ಇವೆ. ನಾನು ಅಬುಧಾಬಿಗೆ ಐದಾರು ಸಾವಿರ ಹೆಚ್ಚು ಕೊಟ್ಟೇನು. ಯಾಕೆಂದರೆ ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ, 2014ರಿಂದ ಆ ವ್ಯವಸ್ಥೆ ಇದೆ. ಹದಿನೈದು ಗಂಟೆ ಹಾರಿ ದಣಿದು ಇಳಿದ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಸಾಲಿನಲ್ಲಿ ನಿಲ್ಲುವ ಪ್ರಸಂಗವಿಲ್ಲ, ನೇರ ಸಾಮಾನು ತೆಗೆದುಕೊಂಡು ಹೊರಗೆ. ಅಕ್ಕ ಬಾಗಿಲಲ್ಲೇ ನಿಂತಿರುತ್ತಾಳೆ. ಇದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ. ಗಾಲಿಕುರ್ಚಿ ಬೇಕೆಂದು ಕಂಪನಿಯ ತಾಣದಲ್ಲೇ ಮೊದಲೇ ಬರೆಸಬಹುದು, ದುಡ್ಡಿಲ್ಲ.

ಸಾಮಾನಿನ ಲೆಕ್ಕವೂ ಇದೆ. ಅತಿ ಅಗ್ಗದ ದರದಲ್ಲಿ ಎಷ್ಟೋ ಸಲ ಒಂದೇ ಬ್ಯಾಗು, ಗಲ್ಫ್ ಕಡೆಯ ಅಗ್ಗದ ವಿಮಾನಗಳಲ್ಲಿ ಕೆಲವೊಮ್ಮೆ ಕೈಚೀಲ ಮಾತ್ರ. ನಮ್ಮಲ್ಲಿ ಅವ್ವ ಹೊರಡುವ ಹಿಂದಿನ ವಾರ ಕಡಕ್ ರೊಟ್ಟಿ ಬಡಿದು ನೂರರ ಲೆಕ್ಕದಲ್ಲಿ ಜೋಡಿಸಿಡುತ್ತಾಳೆ, ಶೇಂಗಾ ಹಿಂಡಿ ಕುಟ್ಟುತ್ತಾಳೆ, ಐದು ಕೆಜಿ ತೊಗರಿ ಬೇಳೆ ಮಿಲ್ಲಿನಿಂದಲೇ ತರಿಸುತ್ತಾಳೆ. ನಾನು ಬ್ಯಾಗನ್ನು ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದರೆ ಅವಳು ಕನ್ನಡಕ ಏರಿಸಿ ಅಂಕಿ ಓದುತ್ತಾಳೆ. 23.4 ಬಂದರೆ ಹಿಂಡಿಯ ಒಂದು ಡಬ್ಬಿ ಆಚೆ. ಎರಡು ಬ್ಯಾಗಿನ ದರ ಆರು ಸಾವಿರ ಹೆಚ್ಚಿದ್ದರೂ ನಾನು ಅದನ್ನೇ ಕೊಳ್ಳುತ್ತೇನೆ. ವಿಮಾನ ನಿಲ್ದಾಣದಲ್ಲಿ ಹೆಚ್ಚುವರಿ ಬ್ಯಾಗಿಗೆ ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ, ಮೇಲಾಗಿ ಆ ರೊಟ್ಟಿ ಇಲ್ಲದೆ ಅವಳು ಅಕ್ಕನ ಮನೆಗೆ ಹೋಗಲಾರಳು.

ಈ ಸಲದ ಪ್ರಯಾಣಕ್ಕೂ ಎರಡು ಜೋಡಿ ತಾರೀಖುಗಳ ಮೇಲೆ ನಿಗಾ ಇಟ್ಟಿದ್ದೇನೆ. ನಿನ್ನೆ ಸಂಜೆ ಬಂದ ಮೇಲ್‌ನಲ್ಲಿ ಅಬುಧಾಬಿ ದಾರಿ 2,300 ರೂಪಾಯಿ ಇಳಿದಿದೆ. ಅಕ್ಕನಿಗೆ ರಜೆ ಯಾವಾಗ ಸಿಗುತ್ತದೆ ಅಂತ ಗೊತ್ತಾದ ಕೂಡಲೇ ಕೊಳ್ಳುವುದು.